ಯೋಹಾನ: ಯೂರೋಪಿನ ಭಾಷೆಗಳಲ್ಲಿ ಒಂದು ಗಂಡು ಹೆಸರು

ಕನ್ನಡ ಬೈಬಲಿನಲ್ಲಿ ಯೋಹಾನ ಎಂದಿರುವ ಹೆಸರು ಯೂರೋಪಿನ ಬಹುತೇಕ ಎಲ್ಲ ಭಾಷೆಗಳಲ್ಲೂ ಇದೆ. ಇಂಗ್ಲಿಷಿನ ಜಾನ್, ಫ್ರೆಂಚಿನ ಝಾಂ, ಸ್ಪ್ಯಾನಿಷಿನ ಹ್ವಾನ್, ಇಟಾಲಿಯನ್ನಿನ ಜೊವಾನ್ನಿ, ಜರ್ಮನ್ನಿನ ಯೋಹಾನೆಸ್ ಮತ್ತು ಹಾನ್ಸ್, ಪೋಲಿಷಿನ ಯಾನ್, ರಷ್ಯನ್ನಿನ ಇವಾನ್, ಹಂಗೇರಿಯನ್ನಿನ ಯಾನೋಶ್, ಐರಿಷಿನ ಶಾನ್, ಗ್ರೀಕಿನ ಯಾನಿಸ್, ಇವೆಲ್ಲ ಒಂದೇ ಬೇರಿನವು. ಹೀಬ್ರೂ ಮೂಲದ ಈ ಹೆಸರು ಗ್ರೀಕ್ ಮತ್ತು ಲ್ಯಾಟಿನ್ ಮೂಲಕ ಕ್ರೈಸ್ತಧರ್ಮದ ಜೊತೆಯಲ್ಲಿ ಹರಡಿ, ಮಧ್ಯಯುಗದ ಕೊನೆಯ ಹೊತ್ತಿಗೆ ಖಂಡದ ಅತಿ ಸಾಮಾನ್ಯ ಹೆಸರುಗಳಲ್ಲಿ ಒಂದಾಯಿತು. ಮುಂದಿನ ಅದರ ಚರಿತ್ರೆಯನ್ನು ರೂಪಿಸಿದ್ದು ಈ ಸಾಮಾನ್ಯತೆಯೇ. ಒಂದೇ ಊರಿನ ಹಲವು ಯೋಹಾನರನ್ನು ಬೇರೆಬೇರೆಯಾಗಿ ಗುರುತಿಸಲು ಮೊಟಕು ಹೆಸರು, ಜೋಡಿ ಹೆಸರು, ಕುಲನಾಮಗಳು ಬೇಕಾದವು. ಕೊನೆಗೆ ಈ ಹೆಸರು ಯಾರೋ ಒಬ್ಬ ಸಾಮಾನ್ಯ ಮನುಷ್ಯ ಎಂಬ ಅರ್ಥಕ್ಕೂ ಬಳಕೆಗೆ ಬಂತು.

ಮೂಲ ಮತ್ತು ಅರ್ಥ

ಹೀಬ್ರೂ ಭಾಷೆಯ ಯೆಹೋಹಾನಾನ್, ಅದರ ಕಿರಿದಾದ ರೂಪ ಯೋಹಾನಾನ್, ಎರಡು ಭಾಗಗಳಿಂದ ಆದದ್ದು. ಮೊದಲ ಭಾಗ ಇಸ್ರೇಲರ ದೇವರ ಹೆಸರು; ಎರಡನೆಯದು ಕೃಪೆ ತೋರು ಎಂಬ ಧಾತು. ಒಟ್ಟಾರೆ, ದೇವರು ಕೃಪೆ ತೋರಿದ್ದಾನೆ ಎಂದು ಅರ್ಥ. ಹಳೆಯ ಒಡಂಬಡಿಕೆಯ ಯೆರೆಮೀಯನ ಗ್ರಂಥದಲ್ಲಿ ಕಾರೇಹನ ಮಗ ಯೋಹಾನಾನನೆಂಬ ದಳಪತಿ ಬರುತ್ತಾನೆ. ಕ್ರಿ.ಪೂ. 134ರಿಂದ 104ರವರೆಗೆ ಯೂದಾಯವನ್ನು ಆಳಿದ ಹಿರ್ಕಾನಸನದೂ ಇದೇ ಹೆಸರು. ಜೆರೂಸಲೇಮಿನ ಬಳಿ 1968ರಲ್ಲಿ ಒಂದನೆಯ ಶತಮಾನದ ಅಸ್ಥಿಪೆಟ್ಟಿಗೆಯೊಂದು ಸಿಕ್ಕಿತು. ಮೊಳೆ ಹಾಗೆಯೇ ಉಳಿದಿದ್ದ ಹಿಮ್ಮಡಿಯ ಎಲುಬು ಅದರಲ್ಲಿತ್ತು. ಶಿಲುಬೆಗೇರಿಸಿದ ವ್ಯಕ್ತಿಯ ಹೆಸರು ಯೆಹೋಹಾನಾನ್ ಎಂದು ಪೆಟ್ಟಿಗೆಯ ಮೇಲೆ ಕೆತ್ತಿತ್ತು. ಯೇಸುವಿನ ಕಾಲದ ಯೆಹೂದ್ಯರಲ್ಲಿ ಇದು ರೂಢಿಯಲ್ಲಿದ್ದ ಹೆಸರೇ.

ಆದರೂ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಈ ಹೆಸರಿಗೆ ನೆಂಟರಿಷ್ಟರೇ ಆಕ್ಷೇಪ ಎತ್ತುತ್ತಾರೆ. ಮುಪ್ಪಿನಲ್ಲಿ ಹುಟ್ಟಿದ ಮಗುವಿಗೆ ತಂದೆ ಜಕರೀಯನ ಹೆಸರನ್ನೇ ಇಡಬೇಕೆಂಬುದು ಅವರ ಎಣಿಕೆ. ತಾಯಿ ಎಲಿಸಬೇತ್ ಯೋಹಾನನೆಂದೇ ಕರೆಯಬೇಕೆನ್ನುತ್ತಾಳೆ. ನಿಮ್ಮ ಬಳಗದಲ್ಲಿ ಈ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವರು ಕೇಳುತ್ತಾರೆ. ಮಾತು ನಿಂತುಹೋಗಿದ್ದ ಜಕರೀಯ ಹಲಗೆಯ ಮೇಲೆ ಅದೇ ಹೆಸರನ್ನು ಬರೆದು ತೋರಿಸುತ್ತಾನೆ. ಹೀಗೆ ಮನೆತನದ ಪದ್ಧತಿಯನ್ನು ಮೀರಿ ಬಂದ ಹೆಸರೇ ಮುಂದೆ ಯೂರೋಪಿನ ಅಸಂಖ್ಯ ಮನೆತನಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಇಳಿದುಬಂತು.

ಹರಡಿದ ಬಗೆ

ಈ ಹೆಸರಿನ ಬಲ ಇಬ್ಬರು ಸಂತರದು: ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನ, ಮತ್ತು ನಾಲ್ಕನೆಯ ಸುವಾರ್ತೆ ಯಾರ ಹೆಸರಿನಲ್ಲಿದೆಯೋ ಆ ಅಪೊಸ್ತಲ ಯೋಹಾನ. ಪಶ್ಚಿಮದ ಚರ್ಚಿನ ಪಂಚಾಂಗದಲ್ಲಿ ಮೊದಲನೆಯವನ ಹುಟ್ಟುಹಬ್ಬ ಜೂನ್ 24, ಎರಡನೆಯವನ ಹಬ್ಬ ಡಿಸೆಂಬರ್ 27. ವಾಗ್ಮಿತೆಯಿಂದ ಹೊನ್ನಿನ ಬಾಯಿಯವನು ಎಂದೇ ಹೆಸರಾದ, 407ರಲ್ಲಿ ತೀರಿಕೊಂಡ ಯೋಹಾನ ಕ್ರಿಸೊಸ್ತೊಮ್, ಡಮಾಸ್ಕಸ್ಸಿನ ಯೋಹಾನ, 1393ರಲ್ಲಿ ಪ್ರಾಗ್ ನಗರದ ವ್ಲ್ತಾವ ನದಿಗೆ ಎಸೆಯಲ್ಪಟ್ಟ ನೆಪೊಮುಕ್‌ನ ಯಾನ್, ಸ್ಪೇನಿನ ಶಿಲುಬೆಯ ಹ್ವಾನ್ ಮೊದಲಾದವರು ಪಟ್ಟಿಯನ್ನು ಬೆಳೆಸಿದರು. ನೆಪೊಮುಕ್‌ನ ಯಾನ್ ಸೇತುವೆಗಳ ಕಾವಲು ಸಂತನಾದ. ಮಧ್ಯ ಯೂರೋಪಿನ ಹಳೆಯ ಸೇತುವೆಗಳ ಮೇಲೆ ಅವನ ಪ್ರತಿಮೆ ಈಗಲೂ ಕಾಣುತ್ತದೆ.

ಮಗುವಿಗೆ ಹೆಸರಿಡುವಾಗ ಜನ ನೋಡುತ್ತಿದ್ದುದು ಹೀಬ್ರೂ ಅರ್ಥವನ್ನಲ್ಲ, ಚರ್ಚಿನ ಪಂಚಾಂಗವನ್ನು. ಹುಟ್ಟಿದ ದಿನದ ಸಂತನ ಹೆಸರನ್ನೋ, ಊರಿನ ಚರ್ಚಿನ ಸಂತನ ಹೆಸರನ್ನೋ ಇಡುವುದು ವಾಡಿಕೆ. ಸಂಗೀತಗಾರ ಮೊಜಾರ್ಟ್ 1756ರ ಜನವರಿ 27ರಂದು ಹುಟ್ಟಿದ. ಅದು ಕ್ರಿಸೊಸ್ತೊಮ್‌ನ ಹಬ್ಬವಾಗಿದ್ದರಿಂದ ಅವನ ದೀಕ್ಷಾಸ್ನಾನದ ದಾಖಲೆ ಯೋಹಾನೆಸ್ ಕ್ರಿಸೊಸ್ತೊಮಸ್ ಎಂದೇ ಆರಂಭವಾಗುತ್ತದೆ. ಟ್ರೆಂಟ್ ಧರ್ಮಸಭೆಯ ಬಳಿಕ 1566ರಲ್ಲಿ ಪ್ರಕಟವಾದ ಕಥೋಲಿಕ ಉಪದೇಶಗ್ರಂಥ ಮಕ್ಕಳಿಗೆ ಸಂತರ ಹೆಸರನ್ನೇ ಇಡಲು ಹೇಳಿತು. ಫ್ರಾನ್ಸಿನಲ್ಲಿ 1803ರ ಕಾನೂನು ಪಂಚಾಂಗಗಳಲ್ಲಿರುವ ಹೆಸರು ಮತ್ತು ಪ್ರಾಚೀನ ಚರಿತ್ರೆಯ ಹೆಸರುಗಳಿಗಷ್ಟೇ ಒಪ್ಪಿಗೆ ಕೊಟ್ಟಿತು. ತಾಯಿತಂದೆಯರಿಗೆ ಪೂರ್ಣ ಸ್ವಾತಂತ್ರ್ಯ ಸಿಕ್ಕಿದ್ದು 1993ರಲ್ಲಿ.

ಧ್ವನಿಯ ಬದಲಾವಣೆ

ರೂಪಗಳು ಇಷ್ಟೊಂದು ಬೇರೆಯಾಗಲು ಕಾರಣ ಆಯಾ ಭಾಷೆಯ ಧ್ವನಿನಿಯಮಗಳು. ಹೀಬ್ರೂವಿನ ಗಂಟಲು ಹಕಾರ ಗ್ರೀಕಿನಲ್ಲಿ ಇರಲಿಲ್ಲ. ಗ್ರೀಕರು ಅದನ್ನು ಬಿಟ್ಟು, ತಮ್ಮ ವ್ಯಾಕರಣಕ್ಕೆ ಹೊಂದುವ ಪ್ರತ್ಯಯ ಸೇರಿಸಿ ಇಯೋಆನ್ನೇಸ್ ಎಂದರು. ಮಧ್ಯಯುಗದ ಲ್ಯಾಟಿನ್ ಬರಹದಲ್ಲಿ ಹಕಾರ ಮತ್ತೆ ಸೇರಿ ಯೋಹಾನೆಸ್ ಆಯಿತು.

ಮುಂದಿನ ಕವಲು ಮೊದಲ ಅಕ್ಷರದ್ದು. ಲ್ಯಾಟಿನ್ನಿನ ಪದಾದಿ ಯಕಾರ ಅದರ ಮಗಳು ಭಾಷೆಗಳಲ್ಲಿ ಜಕಾರಕ್ಕೆ ತಿರುಗಿತು. ಯಾತ್ರೆ ಜಾತ್ರೆಯಾದ, ಯೋಗಿ ಜೋಗಿಯಾದ ಕನ್ನಡದ ಓದುಗರಿಗೆ ಈ ದಾರಿ ಪರಿಚಿತ. ಇಟಾಲಿಯನ್ನಿನಲ್ಲಿ ಆ ಜಕಾರ ಉಳಿಯಿತು. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಹೋದದ್ದೂ ಅದೇ. ಆಮೇಲೆ ಫ್ರೆಂಚ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಅದು ಮೆತ್ತಗಾಗಿ ಝಕಾರಕ್ಕೆ ಹತ್ತಿರವಾಯಿತು. ಸ್ಪ್ಯಾನಿಷಿನಲ್ಲಿ ಶಕಾರದಂತಾಗಿ, ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಗಂಟಲಿಗೆ ಇಳಿದು ಹಕಾರವಾಯಿತು. ಜರ್ಮನ್, ಡಚ್, ಸ್ಕ್ಯಾಂಡಿನೇವಿಯ ಮತ್ತು ಪಶ್ಚಿಮ ಸ್ಲಾವಿಕ್ ಭಾಷೆಗಳಲ್ಲಿ ಮೂಲದ ಯಕಾರವೇ ನಿಂತಿತು.

ಇನ್ನೊಂದು ಕವಲು ನಡುವಿನ ಎರಡು ಸ್ವರಗಳದ್ದು. ಓ ಮತ್ತು ಆ ಎದುರಾದಾಗ ಹಲವೆಡೆ ನಡುವೆ ವಕಾರ ಬಂತು. ಕನ್ನಡ ವ್ಯಾಕರಣದ ವಕಾರಾಗಮವೂ ಇಂಥದೇ. ರಷ್ಯನ್ನಿನ ಇವಾನ್, ಸೆರ್ಬಿಯನ್ನಿನ ಯೊವಾನ್, ಇಟಾಲಿಯನ್ನಿನ ಜೊವಾನ್ನಿ ಹೀಗೆ ಹುಟ್ಟಿದವು.

ರೊಮಾನ್ಸ್ ಭಾಷೆಗಳು

ಹಳೆಯ ಫ್ರೆಂಚಿನ ಜೆಹಾನ್ ಸವೆದು ಝಾಂ ಆಯಿತು. ಒಂದೇ ಉಚ್ಚಾರದಷ್ಟು ಚಿಕ್ಕದಾದ ಈ ಹೆಸರಿಗೆ ಇನ್ನೊಂದನ್ನು ಜೋಡಿಸುವ ಪದ್ಧತಿ ಫ್ರಾನ್ಸಿನಲ್ಲಿ ಬಲವಾಗಿ ಬೆಳೆಯಿತು: ಝಾಂ-ಪಾಲ್, ಝಾಂ-ಝಾಕ್, ಝಾಂ-ಪಿಯೇರ್. ಸ್ನಾನಿಕ ಯೋಹಾನನನ್ನು ಅಪೊಸ್ತಲನಿಂದ ಬೇರ್ಪಡಿಸುವ ಝಾಂ-ಬಾಪ್ತಿಸ್ತ್ ಕೂಡ ಒಂದು ಸ್ವತಂತ್ರ ಹೆಸರು; ನಾಟಕಕಾರ ಮೋಲಿಯೇರನ ನಿಜನಾಮ ಝಾಂ-ಬಾಪ್ತಿಸ್ತ್ ಪೊಕ್ಲಾಂ.

ಇಟಲಿಯಲ್ಲಿ ಜೊವಾನ್ನಿ ಮೊಟಕಾಗಿ ಜಾನ್ನಿ, ವಾನ್ನಿ ಆಗುತ್ತದೆ. ಜಾನ್‌ಕಾರ್ಲೊ, ಜಾನ್‌ಲೂಕದಂಥ ಬೆಸುಗೆಗಳೂ ಇವೆ. ಫ್ಲಾರೆನ್ಸ್ ನಗರದ ಪಾಲಕ ಸಂತ ಸ್ನಾನಿಕ ಯೋಹಾನ. ಆ ನಗರ 1252ರಿಂದ ಹೊರಡಿಸಿದ ಫ್ಲೋರಿನ್ ಎಂಬ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಲಿಲ್ಲಿ ಹೂ, ಇನ್ನೊಂದರಲ್ಲಿ ಈ ಸಂತನ ಚಿತ್ರವಿತ್ತು. ಯೂರೋಪಿನ ವ್ಯಾಪಾರದ ಮುಖ್ಯ ನಾಣ್ಯವಾದ ಅದು ಸಂತನನ್ನು ಸಂತೆಸಂತೆಗೆ ಒಯ್ದಿತು. ವೆನಿಸ್ ಮತ್ತು ಉತ್ತರ ಇಟಲಿಯ ಆಡುಮಾತಿನ ರೂಪದಿಂದ ಬಂದ ಝಾನ್ನಿ ಎಂಬುದು ಕೊಮೆದಿಯ ದೆಲ್ಲಾರ್ತೆ ನಾಟಕಗಳ ತುಂಟ ಸೇವಕನ ಹೆಸರು.

ಸ್ಪೇನಿನ ಹ್ವಾನ್ ಜಗತ್ಪ್ರಸಿದ್ಧವಾದದ್ದು ಸ್ತ್ರೀಲಂಪಟ ಡಾನ್ ಹ್ವಾನ್‌ನಿಂದ. ಹದಿನೇಳನೆಯ ಶತಮಾನದಲ್ಲಿ ತಿರ್ಸೊ ದೆ ಮೊಲೀನನದೆನ್ನಲಾದ ನಾಟಕದಲ್ಲಿ ಹುಟ್ಟಿದ ಈ ಪಾತ್ರವೇ 1787ರಲ್ಲಿ ಪ್ರಾಗ್‌ನಲ್ಲಿ ಮೊದಲು ಪ್ರದರ್ಶನಗೊಂಡ ಮೊಜಾರ್ಟನ ಡಾನ್ ಜೊವಾನ್ನಿ ಆಯಿತು. ಕೆಟಲಾನ್ ಭಾಷೆಯ ಗಂಡು ಹೆಸರು ಝುವಾನ್‌ನ ಲಿಪಿರೂಪವೂ ಇಂಗ್ಲಿಷಿನ ಹೆಣ್ಣು ಹೆಸರು ಜೋನ್‌ನ ಲಿಪಿರೂಪವೂ ಒಂದೇ. ಚಿತ್ರಕಾರ ಮಿರೋನನ್ನು ಹೆಂಗಸೆಂದು ತಿಳಿಯುವ ಗೊಂದಲ ಬರುವುದು ಇದರಿಂದ. ಪೋರ್ಚುಗೀಸಿನಲ್ಲಿ ಝುವಾಂವ್, ಗಲೀಸಿಯದಲ್ಲಿ ಶೊವಾನ್, ರೊಮೇನಿಯದಲ್ಲಿ ಇಯೋನ್ ಮತ್ತು ಇಯೋವಾನ್. ನಾಟಕಕಾರ ಯೂಜಿನ್ ಅಯನೆಸ್ಕೊನ ಕುಲನಾಮ ಇಯೋನ್‌ನಿಂದ ಆದದ್ದು.

ಜರ್ಮಾನಿಕ್ ಭಾಷೆಗಳು

ಯೋಹಾನೆಸ್ ಎಂಬಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬಿದ್ದಾಗ ಮೊದಲಕ್ಷರ ಉದುರಿ ಹಾನೆಸ್, ಹಾನ್ಸ್ ಆಯಿತು. ಡಚ್ ಮತ್ತು ಉತ್ತರ ಜರ್ಮನಿಯಲ್ಲಿ ನಡುಭಾಗ ಕುಸಿದು ಯಾನ್ ಆಯಿತು. ಡೆನ್ಮಾರ್ಕಿನಲ್ಲಿ ಯೆನ್ಸ್, ಸ್ವೀಡನ್ನಿನಲ್ಲಿ ಯೂಹಾನ್, ಐಸ್‌ಲ್ಯಾಂಡಿನಲ್ಲಿ ಯೋನ್.

ಹದಿನೇಳು ಹದಿನೆಂಟನೆಯ ಶತಮಾನಗಳ ಜರ್ಮನಿಯಲ್ಲಿ ಯೋಹಾನ್ ಎಂಬುದು ಗಂಡುಮಕ್ಕಳಿಗೆ ದೀಕ್ಷಾಸ್ನಾನದಲ್ಲಿ ಬರುವ ಮುಂಭಾಗದಂತಾಗಿ, ಕರೆಯುವ ಹೆಸರು ಎರಡನೆಯದಾಗಿತ್ತು. ಸಂಗೀತಗಾರ ಬಾಖ್‌ನ ತಂದೆ ಯೋಹಾನ್ ಆಂಬ್ರೋಸಿಯುಸ್, ಅಣ್ಣ ಯೋಹಾನ್ ಕ್ರಿಸ್ಟೋಫ್, ತಾನು ಯೋಹಾನ್ ಸೆಬಾಸ್ಟಿಯನ್, ಮಗ ಯೋಹಾನ್ ಕ್ರಿಸ್ಟಿಯನ್. ಕವಿಗಳಾದ ಗಯಟೆ, ಶಿಲ್ಲರ್ ಇಬ್ಬರಿಗೂ ಮೊದಲ ಹೆಸರು ಇದೇ. ಐಸ್‌ಲ್ಯಾಂಡಿನಲ್ಲಿ ಅಂತಸ್ತಿನ ತಾರತಮ್ಯವನ್ನು ಆಡಿಕೊಳ್ಳಲು ಯೋನನೂ ಪಾದ್ರಿ ಯೋನನೂ ಒಂದೇ ಅಲ್ಲ ಎಂಬ ಅರ್ಥದ ಗಾದೆಯಿದೆ.

ಇಂಗ್ಲಿಷ್ ಮತ್ತು ಕೆಲ್ಟಿಕ್ ಭಾಷೆಗಳು

1066ರ ನಾರ್ಮನ್ ವಿಜಯಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಈ ಹೆಸರು ಧರ್ಮಾಧಿಕಾರಿಗಳಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ. ನಾರ್ಮನ್ನರ ಜೊತೆ ಬಂದ ಮೇಲೆ ಅದು ವಿಲಿಯಂ ಎಂಬುದರೊಂದಿಗೆ ಮೊದಲ ಸ್ಥಾನಕ್ಕೆ ಪೈಪೋಟಿ ನಡೆಸಿತು. ಜಾನ್‌ನ ಮುದ್ದು ರೂಪ ಜಾಂಕಿನ್; ಅದು ಜಾಕಿನ್ ಆಗಿ, ಜ್ಯಾಕ್ ಆಯಿತು. ಮನೆಮನೆಯಲ್ಲಿ ಜ್ಯಾಕ್ ಇದ್ದುದರಿಂದ ಆ ಹೆಸರು ಆಳು, ಕೂಲಿಯವನು ಎಂಬ ಅರ್ಥಕ್ಕೆ ಇಳಿಯಿತು. ಆಳಿನ ಕೆಲಸ ಮಾಡುವ ಸಲಕರಣೆಗಳಿಗೂ ಅಂಟಿತು. ನಮ್ಮ ಗ್ಯಾರೇಜುಗಳಲ್ಲಿ ಗಾಡಿ ಎತ್ತುವ ಜಾಕ್ ಇದೇ. ಇಸ್ಪೀಟಿನಲ್ಲಿ ನಾವು ಗುಲಾಮ ಎನ್ನುವ ಎಲೆಗೂ ಇಂಗ್ಲಿಷಿನಲ್ಲಿ ಇದೇ ಹೆಸರು.

ಐರಿಷ್ ಭಾಷೆ ಈ ಹೆಸರನ್ನು ಎರಡು ಸಲ ಪಡೆಯಿತು. ಲ್ಯಾಟಿನ್ನಿನಿಂದ ಮೊದಲೇ ಬಂದದ್ದು ಓವೆನ್ ಎಂಬಂತೆ ಕೇಳುವ ರೂಪ. ನಾರ್ಮನ್ನರ ಜೆಹಾನ್‌ನಿಂದ ಆಮೇಲೆ ಬಂದದ್ದು ಶಾನ್. ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಇಯನ್, ಬ್ರೆತೋನ್‌ನಲ್ಲಿ ಯಾನ್, ವೇಲ್ಸಿನಲ್ಲಿ ಇಯೋವನ್, ಇವಾನ್, ಶೋನ್. ಇಂಗ್ಲಿಷಿನ ಈವನ್ ಎಂಬ ಹೆಸರು ವೇಲ್ಸಿನ ಕೊಡುಗೆ.

ಸ್ಲಾವಿಕ್ ಭಾಷೆಗಳು

ರಷ್ಯದಲ್ಲಿ ಚರ್ಚಿನ ಭಾಷೆಯ ಇಯೋವಾನ್ ಮತ್ತು ಜನಬಳಕೆಯ ಇವಾನ್ ಜೊತೆಜೊತೆಯಾಗಿ ಉಳಿದವು. ಭಯಂಕರನೆಂದು ಹೆಸರಾದ ನಾಲ್ಕನೆಯ ಇವಾನನೂ, ರೈತರ ಕಥೆಗಳ ಪೆದ್ದ ಇವಾನನೂ ಒಂದೇ ಹೆಸರಿನವರು. ಕಥೆಯ ಪೆದ್ದ ಇವಾನ್ ಮೂವರಲ್ಲಿ ಕಿರಿಯ. ಬುದ್ಧಿವಂತ ಅಣ್ಣಂದಿರು ಸೋತಲ್ಲಿ ಗೆಲ್ಲುವವನು ಅವನೇ. ವಾನ್ಯಾ ಅದರ ಮುದ್ದು ರೂಪ. ಚೆಕಾಫನ ನಾಟಕದಲ್ಲಿರುವ ಮಾವನ ಹೆಸರು ಅದೇ. ತಂದೆಯ ಹೆಸರಿನಿಂದ ಇವಾನೊವಿಚ್, ಮನೆತನದ ಹೆಸರಾಗಿ ಇವಾನೊವ್.

ಪೋಲೆಂಡಿನ ಯಾನ್ ಹೆಸರಿನ ದೊರೆಗಳಲ್ಲಿ 1683ರಲ್ಲಿ ವಿಯೆನ್ನಾವನ್ನು ಉಳಿಸಲು ಬಂದ ಮೂರನೆಯ ಯಾನ್ ಸೊಬಿಯೆಸ್ಕಿ ಪ್ರಸಿದ್ಧ. ಚೆಕ್ ನಾಡಿನ ಯಾನ್ ಹುಸ್ ಚರ್ಚಿನ ಸುಧಾರಣೆಗಾಗಿ ದನಿಯೆತ್ತಿ 1415ರಲ್ಲಿ ಚಿತೆಯೇರಿದ. ಚೆಕ್ಕಿನ ಮುದ್ದು ರೂಪ ಹೊಂಝ ಹುಟ್ಟಿದ್ದು ನೆರೆಯ ಜರ್ಮನ್ನಿನ ಹಾನ್ಸ್‌ನಿಂದ; ಆ ನಾಡಿನ ಕಥೆಗಳಲ್ಲೂ ಪೆದ್ದನಾಗಿ ಕಂಡು ಗೆಲ್ಲುವವನು ಹೊಂಝನೇ. ಸ್ಲೊವೇನಿಯದಲ್ಲಿ ಯಾನೆಝ್, ಸೆರ್ಬಿಯದಲ್ಲಿ ಯೊವಾನ್, ಕ್ರೊಯೇಷಿಯ ಮತ್ತು ಬಲ್ಗೇರಿಯಗಳಲ್ಲಿ ಇವಾನ್.

ಇತರ ಭಾಷೆಗಳು

ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು ಬರುವುದರಿಂದ 1456ರಲ್ಲಿ ಬೆಲ್‌ಗ್ರೇಡನ್ನು ತುರ್ಕರಿಂದ ಕಾಪಾಡಿದ ಸೇನಾಪತಿ ಹುನ್ಯಾದಿ ಯಾನೋಶ್. ಫಿನ್‌ಲ್ಯಾಂಡಿನಲ್ಲಿ ಯುಹಾನಿ, ಯುಹಾ, ಯುಸ್ಸಿ, ಹಾನ್ನು, ಯಾನ್ನೆ ಎಲ್ಲವೂ ಇದೇ ಹೆಸರು. ಅಲ್ಲಿನ ಸಂಗೀತಗಾರ ಸಿಬೇಲಿಯುಸ್‌ಗೆ ಇಟ್ಟ ಹೆಸರು ಯೂಹಾನ್, ಮನೆಯವರು ಕರೆದದ್ದು ಯಾನ್ನೆ. ನಾವಿಕನಾಗಿದ್ದ ದೊಡ್ಡಪ್ಪ ಬಳಸಿದ್ದ ಫ್ರೆಂಚ್ ರೂಪವನ್ನು ತಾನೂ ತೆಗೆದುಕೊಂಡು ಅವನು ಝಾಂ ಸಿಬೇಲಿಯುಸ್ ಆದ. ಎಸ್ಟೋನಿಯದ ಯಾನ್, ಲ್ಯಾಟ್ವಿಯದ ಯಾನಿಸ್, ಲಿಥುವೇನಿಯದ ಯೋನಾಸ್, ಅಲ್ಬೇನಿಯದ ಗ್ಯೋನ್, ಮಾಲ್ಟಾದ ಜ್ವಾನ್ನಿ ಈ ಸಾಲಿನವು. ಅರ್ಮೇನಿಯನ್ ಭಾಷೆಯಲ್ಲಿ ಹೊವ್ಹಾನ್ನೆಸ್. ಕಡಲಿನ ಚಿತ್ರಗಳಿಗೆ ಹೆಸರಾದ ಐವಜೊವ್‌ಸ್ಕಿ ಅರ್ಮೇನಿಯನ್ ಮನೆಯಲ್ಲಿ ಹೊವ್ಹಾನ್ನೆಸ್ ಆಗಿ ಹುಟ್ಟಿ, ರಷ್ಯನ್ನರ ನಡುವೆ ಇವಾನ್ ಆದ. ಗಡಿ ದಾಟಿದಾಗ ಹೆಸರು ವೇಷ ಬದಲಿಸುವುದು ಹಿಂದೆ ಸಹಜವಾಗಿತ್ತು. 1497ರಲ್ಲಿ ಇಂಗ್ಲೆಂಡಿನ ಪರವಾಗಿ ಉತ್ತರ ಅಮೆರಿಕದ ಕರಾವಳಿ ಮುಟ್ಟಿದ ಜೊವಾನ್ನಿ ಕಾಬೊತೊ ಇಂಗ್ಲಿಷ್ ಚರಿತ್ರೆಯಲ್ಲಿ ಜಾನ್ ಕ್ಯಾಬಟ್.

ಪೋಪರು ಮತ್ತು ಅರಸರು

ಪೋಪ್ ಪದವಿಗೇರಿದಾಗ ಹೆಸರು ಬದಲಿಸಿದ ಮೊದಲಿಗ 533ರಲ್ಲಿ ಬಂದ ಎರಡನೆಯ ಯೋಹಾನ. ಅವನ ಹುಟ್ಟುಹೆಸರು ರೋಮನರ ದೇವತೆ ಮರ್ಕ್ಯುರಿಯದು. ಪೋಪ್ ಪೀಠಕ್ಕೆ ಅದು ಒಗ್ಗುವಂತಿರಲಿಲ್ಲ. ಆಮೇಲೆ ಪೋಪರು ಅತಿ ಹೆಚ್ಚು ಸಲ ತಳೆದ ಹೆಸರು ಇದೇ ಆಯಿತು. ಮಧ್ಯಯುಗದ ಎಣಿಕೆ ತಪ್ಪಿದ್ದರಿಂದ ಇಪ್ಪತ್ತನೆಯ ಯೋಹಾನ ಎಂಬ ಪೋಪ್ ಇಲ್ಲವೇ ಇಲ್ಲ. 1958ರಲ್ಲಿ ಆಯ್ಕೆಯಾದ ಇಪ್ಪತ್ತಮೂರನೆಯ ಯೋಹಾನರು ತಂದೆಯ ಹೆಸರು, ಹುಟ್ಟೂರಿನ ಚರ್ಚಿನ ಸಂತನ ಹೆಸರು ಎಂಬ ಕಾರಣಕ್ಕೆ ಅದನ್ನು ಆರಿಸಿಕೊಂಡರು.

ಪಶ್ಚಿಮದ ಕೆಲವು ಅರಮನೆಗಳಿಗೆ ಮಾತ್ರ ಇದು ಅಪಶಕುನವಾಯಿತು. 1215ರಲ್ಲಿ ಪಾಳೆಯಗಾರರ ಮುಂದೆ ಮಣಿದು ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆಯೊತ್ತಿದ ಜಾನ್ ದೊರೆಯ ನಂತರ ಇಂಗ್ಲೆಂಡಿನಲ್ಲಿ ಆ ಹೆಸರಿನ ದೊರೆ ಬರಲಿಲ್ಲ. ಫ್ರಾನ್ಸಿನ ಮೊದಲನೆಯ ಝಾಂ 1316ರಲ್ಲಿ ಹುಟ್ಟುತ್ತಲೇ ದೊರೆಯಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಎರಡನೆಯವನು 1356ರಲ್ಲಿ ಪ್ವಾತಿಯೆ ಯುದ್ಧದಲ್ಲಿ ಸೆರೆಸಿಕ್ಕಿ, ಕೊನೆಗೆ ಲಂಡನ್ನಿನಲ್ಲಿ ಸತ್ತ. ಮೂರನೆಯವನಿಲ್ಲ. ಸ್ಕಾಟ್ಲೆಂಡಿನಲ್ಲಿ 1390ರಲ್ಲಿ ಪಟ್ಟವೇರಿದ ಜಾನ್ ಸ್ಟೂವರ್ಟ್ ತನ್ನ ಹೆಸರನ್ನೇ ಬಿಟ್ಟು ಮೂರನೆಯ ರಾಬರ್ಟ್ ಆದ. ಪೋರ್ಚುಗಲ್ಲಿನಲ್ಲಿ ಇದರ ತದ್ವಿರುದ್ಧ: 1385ರಲ್ಲಿ ದೊರೆಯಾಗಿ ಅಲ್ಜುಬರೋತ ಯುದ್ಧ ಗೆದ್ದ ಮೊದಲನೆಯ ಝುವಾಂವ್‌ನಿಂದ 1826ರಲ್ಲಿ ತೀರಿಕೊಂಡ ಆರನೆಯವನವರೆಗೆ ಆರು ದೊರೆಗಳು ಅದನ್ನು ಹೊತ್ತರು.

ಕುಲನಾಮ ಮತ್ತು ಸಾಮಾನ್ಯ ಮನುಷ್ಯ

ತಂದೆಯ ಹೆಸರು ಮನೆತನದ ಹೆಸರಾಗಿ ಗಟ್ಟಿಯಾದ ಕಾಲದಲ್ಲಿ ಈ ಹೆಸರೇ ಎಲ್ಲೆಡೆ ಇದ್ದುದರಿಂದ ಅದರ ಕುಲನಾಮಗಳೂ ದಟ್ಟವಾಗಿವೆ: ಇಂಗ್ಲಿಷಿನ ಜಾನ್ಸನ್, ಜ್ಯಾಕ್ಸನ್, ಜೆಂಕಿನ್ಸ್, ವೇಲ್ಸಿನ ಜೋನ್ಸ್, ಇವಾನ್ಸ್, ಬೆವನ್, ಡಚ್ಚರ ಯಾನ್ಸನ್, ಡೆನ್ಮಾರ್ಕಿನ ಯೆನ್ಸನ್, ಹಾನ್ಸನ್, ಸ್ವೀಡನ್ನಿನ ಯೂಹಾನ್ಸನ್, ಸೆರ್ಬಿಯದ ಯೊವಾನೊವಿಚ್, ಅರ್ಮೇನಿಯದ ಹೊವ್ಹಾನ್ನಿಸ್ಯಾನ್. ವೇಲ್ಸಿನಲ್ಲಿ ಜೋನ್ಸ್ ಎಷ್ಟು ಹೆಚ್ಚೆಂದರೆ, ಒಬ್ಬ ಜೋನ್ಸನನ್ನು ಇನ್ನೊಬ್ಬನಿಂದ ಬೇರ್ಪಡಿಸಲು ಕಸುಬನ್ನೋ ಮನೆಯ ಹೆಸರನ್ನೋ ಸೇರಿಸಿ ಕರೆಯುವುದು ರೂಢಿ.

ಇದೇ ಕಾರಣಕ್ಕೆ ಹೆಸರು ಗೊತ್ತಿಲ್ಲದವನಿಗೂ ಇದೇ ಹೆಸರಾಯಿತು. ಇಂಗ್ಲಿಷ್ ನ್ಯಾಯಾಲಯಗಳಲ್ಲಿ ಭೂಮಿಯ ವ್ಯಾಜ್ಯಕ್ಕೆ ಕಾಲ್ಪನಿಕ ವಾದಿಯಾಗಿ ನಿಲ್ಲಿಸುತ್ತಿದ್ದ ಜಾನ್ ಡೋ ಇಂದು ಅಮೆರಿಕದಲ್ಲಿ ಗುರುತು ಸಿಗದ ಗಂಡಸಿನ ಹೆಸರು. ಪೋಲೆಂಡಿನಲ್ಲಿ ನಮೂನೆ ಅರ್ಜಿ ತುಂಬುವವನು ಯಾನ್ ಕೊವಾಲ್‌ಸ್ಕಿ, ಚೆಕ್ ನಾಡಿನಲ್ಲಿ ಯಾನ್ ನೊವಾಕ್. ನೆದರ್‌ಲ್ಯಾಂಡಿನಲ್ಲಿ ಸರಾಸರಿ ಸಂಬಳದವನು ಯಾನ್ ಮೊಡಾಲ್. 1712ರಲ್ಲಿ ಜಾನ್ ಆರ್ಬುತ್‌ನಾಟ್ ವಿಡಂಬನೆಗಾಗಿ ಸೃಷ್ಟಿಸಿದ ಜಾನ್ ಬುಲ್ ಇಂಗ್ಲೆಂಡಿನದೇ ಪ್ರತೀಕವಾದ.

ಹೆಣ್ಣು ರೂಪಗಳೂ ಇಷ್ಟೇ ಹೇರಳ: ಜೇನ್, ಜೋನ್, ಜೊವಾನ್ನ, ಹ್ವಾನ, ಯೋಹಾನ್ನ, ಇವಾನ, ಐರಿಷಿನ ಶಿವಾನ್. ಫ್ರಾನ್ಸಿನ ವೀರಕನ್ಯೆ ಜೋನ್ ಆಫ್ ಆರ್ಕ್ ತನ್ನ ಭಾಷೆಯಲ್ಲಿ ಝಾನ್.

ಹಬ್ಬ ಮತ್ತು ಪಂಚಾಂಗ

ಎಲಿಸಬೇತಳಿಗೆ ಆರು ತಿಂಗಳಾಗಿದ್ದಾಗ ಮರಿಯಳಿಗೆ ದೇವದೂತನ ವಾರ್ತೆ ಬಂತೆಂದು ಲೂಕ ಹೇಳುವುದರಿಂದ ಸ್ನಾನಿಕನ ಜನನದಿನ ಕ್ರಿಸ್‌ಮಸ್ಸಿಗೆ ಆರು ತಿಂಗಳು ಮುಂಚೆ ನಿಂತಿತು. ಅದು ಉತ್ತರ ಯೂರೋಪಿನಲ್ಲಿ ಹಗಲು ಅತಿ ದೀರ್ಘವಾಗುವ ಹೊತ್ತು. ಹೀಗಾಗಿ ನಡುಬೇಸಿಗೆಯ ಬೆಂಕಿಹಬ್ಬಗಳಿಗೆ ಅವನ ಹೆಸರು ಬಂತು: ಡೆನ್ಮಾರ್ಕಿನಲ್ಲಿ ಸಂತ ಹಾನ್ಸ್‌ನ ರಾತ್ರಿ, ಫಿನ್‌ಲ್ಯಾಂಡಿನಲ್ಲಿ ಯುಹಾನ್ನುಸ್, ಎಸ್ಟೋನಿಯದಲ್ಲಿ ಯಾನಿಪಾಯೆವ್, ಪೂರ್ವ ಸ್ಲಾವರಲ್ಲಿ ಇವಾನ್ ಕುಪಾಲ. ಲ್ಯಾಟ್ವಿಯದಲ್ಲಿ ಯಾನಿ ರಾಷ್ಟ್ರೀಯ ಹಬ್ಬ. ಆ ರಾತ್ರಿ ಯಾನಿಸ್ ಎಂಬ ಹೆಸರಿನವರೆಲ್ಲ ಓಕ್ ಎಲೆಯ ಕಿರೀಟ ತೊಡುತ್ತಾರೆ. ಸೀಮೆ ಜೀರಿಗೆ ಬೆರೆಸಿದ ಚೀಸ್, ಬಿಯರ್ ಹಂಚುತ್ತಾರೆ. ಹಾಡುತ್ತ ಬೆಳಗಿನವರೆಗೆ ಬೆಂಕಿ ಕಾಯುತ್ತಾರೆ.

ಸಂಗೀತಕ್ಕೂ ಈ ಹಬ್ಬದ ನಂಟಿದೆ. ಹನ್ನೊಂದನೆಯ ಶತಮಾನದ ಗ್ವೀದೊ ದ'ಅರೆತ್ಸೊ ಸ್ನಾನಿಕನ ಲ್ಯಾಟಿನ್ ಸ್ತೋತ್ರವೊಂದರ ಸಾಲುಗಳ ಮೊದಲ ಅಕ್ಷರಗಳಿಂದ ಸ್ವರನಾಮಗಳನ್ನು ತೆಗೆದ. ಆಮೇಲೆ ಸೇರಿದ ಏಳನೆಯ ಸ್ವರ ‘ಸಿ’ ಸಂತ ಯೋಹಾನ ಎಂಬುದರ ಲ್ಯಾಟಿನ್ ಮೊದಲಕ್ಷರಗಳಿಂದ ಆದದ್ದು.

ಭಾರತದಲ್ಲಿ

ಈ ಹೆಸರು ಭಾರತಕ್ಕೆ ಹಲವು ದಾರಿಗಳಲ್ಲಿ ಬಂತು. ಕೇರಳದ ಸಿರಿಯನ್ ಕ್ರೈಸ್ತರ ಯೋಹನ್ನಾನ್, ಉಲಹನ್ನಾನ್, ಲೋನಪ್ಪನ್ ಯೂರೋಪನ್ನು ಮುಟ್ಟದೆ ಸಿರಿಯಾಕ್ ಭಾಷೆಯಿಂದ ನೇರ ಬಂದವು. ಮುಸ್ಲಿಮರ ಯಹ್ಯಾ ಕುರಾನಿನಲ್ಲಿರುವ ಇದೇ ಪ್ರವಾದಿಯ ಹೆಸರು. ತಮಿಳು ಕಥೋಲಿಕರು ಕೃಪೆ ಎಂಬ ಅರ್ಥವನ್ನೇ ಹಿಡಿದು ಅರುಳಪ್ಪರ್ ಎಂದರು. ಅರುಳಪ್ಪ ಎಂಬ ಹೆಸರು ಕರ್ನಾಟಕದ ಕಥೋಲಿಕರಲ್ಲೂ ಇದೆ. ಪೋರ್ಚುಗೀಸ್ ರೂಪ ಕೊಂಕಣಿಯಲ್ಲಿ ಜುವಾಂವ್ ಆಯಿತು. ಗೋವೆಯಲ್ಲಿ ಮಳೆಗಾಲದ ಆರಂಭಕ್ಕೆ ಬೀಳುವ ಜೂನ್ 24ರ ಸಾಂಜಾಂವ್ ಹಬ್ಬದಂದು ಹೂಬಳ್ಳಿಯ ಕಿರೀಟ ತೊಟ್ಟು ಬಾವಿಗೆ ಹಾರುತ್ತಾರೆ.

ಪೂರ್ವದಲ್ಲೆಲ್ಲೋ ಪಾದ್ರಿ ಯೋಹಾನನೆಂಬ ಕ್ರೈಸ್ತ ದೊರೆಯಿದ್ದಾನೆಂಬ ದಂತಕಥೆ ಹನ್ನೆರಡನೆಯ ಶತಮಾನದಿಂದ ಯೂರೋಪಿನಲ್ಲಿತ್ತು. ಅವನನ್ನು ಹುಡುಕಲು ಎರಡನೆಯ ಝುವಾಂವ್ ದೊರೆ 1487ರಲ್ಲಿ ಕಳಿಸಿದ ಪೇರು ದ ಕೊವಿಲ್ಯಾಂವ್ ವಾಸ್ಕೊ ಡ ಗಾಮನಿಗಿಂತ ಮೊದಲೇ ಮಲಬಾರಿನ ಬಂದರುಗಳನ್ನು ಕಂಡ. ಕನ್ನಡದ ಕೆಲಸದಲ್ಲೂ ಈ ಹೆಸರಿನವರಿದ್ದಾರೆ: ಬಳ್ಳಾರಿಯಲ್ಲಿದ್ದು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೊದಲ ಮೂವರಲ್ಲಿ ಒಬ್ಬನಾದ ಯೋಹಾನ್ ಕ್ರಿಸ್ಟೋಫ್ ಲೇನರ್, ಕನ್ನಡ ನಾಡಿನ ಶಾಸನಗಳನ್ನು ಓದಿ ಪ್ರಕಟಿಸಿದ ಜಾನ್ ಫೇತ್‌ಫುಲ್ ಫ್ಲೀಟ್.

ಇಂದಿನ ಬಳಕೆ

ಅಮೆರಿಕದ ಸರ್ಕಾರಿ ಹೆಸರುಪಟ್ಟಿಯಲ್ಲಿ 1880ರಿಂದ 1923ರವರೆಗೆ ಜಾನ್ ಮೊದಲ ಸ್ಥಾನದಲ್ಲಿತ್ತು; ಮರುವರ್ಷ ರಾಬರ್ಟ್ ಅದನ್ನು ಹಿಂದಿಕ್ಕಿತು. ಫ್ರಾನ್ಸಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲಾರ್ಧದ ಅತಿ ಜನಪ್ರಿಯ ಗಂಡು ಹೆಸರು ಝಾಂ, ಈಗ ಅಜ್ಜಂದಿರ ಹೆಸರು. ಜರ್ಮನಿಯಲ್ಲಿ ಹಾನ್ಸ್ ಕೂಡ ಹಾಗೆಯೇ. ಪಂಚಾಂಗದ ಹಿಡಿತ ಸಡಿಲಿ, ಮಗುವಿಗೆ ಯಾರಿಗೂ ಇಲ್ಲದ ಹೆಸರು ಬೇಕೆಂಬ ಆಸೆ ಬಂದಾಗ ಎಲ್ಲರಿಗೂ ಇದ್ದ ಹೆಸರು ಹಿಂದೆ ಸರಿಯಿತು.

ಆದರೆ ಈ ಇಳಿತ ಅರ್ಧ ಮಾತ್ರ ನಿಜ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1990ರ ದಶಕದ ನಡುವಿನಿಂದ 2008ರವರೆಗೆ ಗಂಡುಮಕ್ಕಳ ಪಟ್ಟಿಯ ತುದಿಯಲ್ಲಿದ್ದದ್ದು ಒಂದು ಕಾಲಕ್ಕೆ ಆಳಿನ ಹೆಸರಾಗಿದ್ದ ಜ್ಯಾಕ್. ಇಯನ್, ಈವನ್, ಶಾನ್ ಹೆಸರುಗಳು ತಮ್ಮ ನಾಡು ದಾಟಿ ಅಮೆರಿಕ, ಆಸ್ಟ್ರೇಲಿಯಗಳಲ್ಲೂ ನೆಲೆಯೂರಿವೆ. ಸರ್ಕಾರಿ ಪಟ್ಟಿಗಳು ಕಾಗುಣಿತ ನೋಡಿ ಎಣಿಸುವುದರಿಂದ ಇವು ಬೇರೆಬೇರೆ ಹೆಸರುಗಳಾಗಿ ದಾಖಲಾಗುತ್ತವೆ. ಇಡುವ ತಾಯಿತಂದೆಯರಿಗೂ ಅವು ಬೇರೆಬೇರೆಯೇ. ಬೇರನ್ನು ಹಿಡಿದು ಎಣಿಸಿದರೆ ಜಾನ್ ಕಳೆದುಕೊಂಡದ್ದರಲ್ಲಿ ಬಹಳಷ್ಟನ್ನು ಅದರ ಮೊಟಕು ರೂಪಗಳೂ ನೆರೆಭಾಷೆಯ ರೂಪಗಳೂ ಪಡೆದುಕೊಂಡಿವೆ.